ಸೈಮಾಳ ಡಿಸ್ಕಿನ ಅಂಗಡಿ

ಸೈಮಾಳ ಹೆಸರನ್ನು ನಾನು ಮೊದಲು ಕೇಳಿದ್ದು ಅವಳ ಅತ್ತೆ ಮದಿನಾಬಿಯ ಬಾಯಲ್ಲಿ. ಶ್ರಾವಣ ನಡೆದಿತ್ತು. ಮದಿನಾಬಿ ನಮ್ಮ ಪಡಸಾಲೆಯಲ್ಲಿ ಬುಟ್ಟಿ ಇಳಿಸಿ, ನನ್ನ ಸೊಸೆ ಸುಜಾತಾಳ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ನನ್ನ ಕೈಯಲ್ಲಿ ಬಳೆ ಇದ್ದ ಕಾಲದಿಂದಲೂ ಗೋಕಾಕದ ನಮ್ಮ ಓಣಿಗೆ ಬಳೆ ತೊಡಿಸಿದವಳು ಅವಳೇ.

"ಪದ್ಮವ್ವಾರ, ನನ್ನ ಸೊಸಿ ಬುಟ್ಟಿ ಹೊರೂದಿಲ್ಲಂತ. ಅಂಗಡಿ ಹಾಕತಾಳಂತ" ಅಂದಳು.

"ಬಳಿ ಅಂಗಡಿ ಏನ?"

"ಬಳಿ ಆಗಿದ್ರ ನಾ ಯಾಕ ನಿಮ್ಮ ಮುಂದ ಅಳತಿದ್ದೆ? ಆಟದ ಅಂಗಡಿ."

ನಮ್ಮ ಊರಲ್ಲಿ ಆಟದ ಸಾಮಾನು ಅಂದರೆ ಬಣ್ಣ ಬಳಿದ ಮರದ ಗೊಂಬೆ, ಮರದ ಹಣ್ಣು. ಚಲೋ ಆತಲ್ಲ ಅಂದೆ.

"ಗೊಂಬಿ ಅಲ್ರಿ. ಟಿವಿಗಿ ಒಂದು ಡಬ್ಬಿ ಹಚ್ಚತಾರ, ಅದರಾಗ ಸಣ್ಣ ತಾಟಿನಂಥಾದ್ದು ಹಾಕತಾರ. ಹುಡುಗ್ರು ಟಿವಿಯಾಗ ಬಡದಾಡತಾವ. ಆ ತಾಟು ಮಾರತಾಳಂತ. ನಿಮ್ಮ ಮುಂದಿನ ಖೋಲಿ ಖಾಲಿ ಐತೆಲ್ಲ, ಅದಕ್ಕ ಬಂದೆ."

ಆ ಖೋಲಿಯಲ್ಲಿ ನಮ್ಮ ಮನೆಯವರು ಸೈಕಲ್ ರಿಪೇರಿ ಮಾಡುತ್ತಿದ್ದರು. ಅವರು ಹೋದ ಮೇಲೆ ಬಾಗಿಲು ತೆರೆದಿರಲಿಲ್ಲ. ಮರುದಿನ ಸೈಮಾ ತಾನೇ ಬಂದಳು. ತವರು ಹುಕ್ಕೇರಿ. ತೆಳ್ಳಗಿನ ಹುಡುಗಿ, ಮಾತಾಡುವಾಗ ಕಣ್ಣು ತಗ್ಗಿಸುವವಳಲ್ಲ.

"ನಿನಗ ಆಡಾಕ ಬರತೈತೇನ?" ಎಂದು ಕೇಳಿದೆ.

"ಹುಕ್ಕೇರ್ಯಾಗ ನಮ್ಮಣ್ಣನ ಡಬ್ಬಿಮ್ಯಾಲ ಕಲತೇನ್ರಿ. ಅವನ್ನ ಸೋಲಿಸಿದ ಮ್ಯಾಲ ಅವಾ ಆಡೂದ ಬಿಟ್ಟಾನ."

ಕೀಲಿ ಕೊಟ್ಟೆ.

ನಾನು ಎರಡನೇ ಇಯತ್ತೆ ಕಲಿತವಳು. ಆಟ ನನಗೆ ತಿಳಿಯಲಿಲ್ಲ, ವ್ಯಾಪಾರ ತಿಳಿಯಿತು. ಆಡಿ ಮುಗಿಸಿದ ಡಿಸ್ಕ್ ತಂದು ಕೊಡಬೇಕು, ಮೇಲೆ ಸ್ವಲ್ಪ ಹಾಕಿ ಬೇರೆಯದನ್ನು ಒಯ್ಯಬೇಕು. ಹೊಸದು ಬೇಕಾದರೆ ಹೊಸದೂ ಇತ್ತು. ಆದರೆ ಡಿಸ್ಕಿನ ಹೊಸ ಡಬ್ಬಿಯನ್ನೂ ಆಕೆ ಮುಚ್ಚಿದ್ದು ಮುಚ್ಚಿದಂತೆ ಕೊಟ್ಟವಳಲ್ಲ. ಅತ್ತೆ ಬಳೆಗಳನ್ನು ಕಿವಿಯ ಹತ್ತಿರ ಹಿಡಿದು ಟಣಟಣ ಅನಿಸಿ ಬಿರುಕು ನೋಡುವ ಹಾಗೆ, ಈಕೆ ಡಬ್ಬಿ ಒಡೆದು, ಡಿಸ್ಕನ್ನು ಟ್ಯೂಬಲೈಟಿನ ಕೆಳಗೆ ಹೊರಳಿಸಿ, ಗೀರು ಇಲ್ಲ ಎಂದು ಗಿರಾಕಿಗೆ ತೋರಿಸಿಯೇ ಕೊಡುವಳು. ಒಡೆದ ಡಬ್ಬಿಗಳನ್ನು ಬಾಗಿಲಿಗೆ ಹಗ್ಗ ಕಟ್ಟಿ ಬಾಯಿ ತೆರೆದು ತೂಗು ಹಾಕುವಳು. ಮಾಲು ಕಣ್ಣಿಗೆ ಬೀಳಬೇಕು ಅನ್ನುವಳು. ಸಂತೆಯ ದಿನ ಮೂಡಲಗಿಗೆ, ಹುಕ್ಕೇರಿಗೆ ಸ್ಕೂಟಿಯ ಮೇಲೆ ಹೋಗುತ್ತಿದ್ದಳು. ಕಲ್ಲೋಳಿ, ಮಮದಾಪುರದ ಹುಡುಗರು ಅವಳನ್ನು ಡಿಸ್ಕ್ ಅಕ್ಕ ಅನ್ನುತ್ತಿದ್ದರು.

ಕೊರೊನಾ ಕಳೆದ ಮೇಲೆ ಗಾಳಿ ತಿರುಗಿತು. ಮೂಡಲಗಿಯಲ್ಲಿ ಗ್ಯಾರೇಜ್ ಇಟ್ಟಿರುವ ಮಹೇಶ ಅವಳ ಹಳೆಯ ಗಿರಾಕಿ. ಒಂದು ದಿನ ಬಂದವನು ಡಿಸ್ಕ್ ಕೇಳಲೇ ಇಲ್ಲ.

"ಅಕ್ಕಾ, ಹೊಸಾ ಡಬ್ಬಿ ತಗೊಂಡೇನಿ. ಅದಕ್ಕ ಡಿಸ್ಕ್ ಹಾಕೂ ಬಾಯೇ ಇಲ್ಲ."

"ಬಾಯಿ ಇಲ್ಲದ್ದು ಊಟಾ ಹ್ಯಾಂಗ ಮಾಡತೈತೋ?" ಅಂದೆ ನಾನು ಕಟ್ಟೆಯ ಮೇಲಿಂದ.

"ಗಾಳಿ ಕುಡದು ಬದುಕತೈತಿ ಆಯಿ. ಆಟ ನೆಟ್‌ನ್ಯಾಗ ಇಳೀತೈತಿ."

"ಆಡಿದ ಮ್ಯಾಲ ಗೆಳ್ಯಾಗ ಕೊಡಾಕ ಬರತೈತೇನು?" ಮತ್ತೆ ನಾನೇ ಕೇಳಿದೆ.

"ಇಲ್ಲ."

"ಕೊಡಾಕ ಬರದ್ದು ನಿಂದು ಹ್ಯಾಂಗ ಆತು?"

"ಅದನ್ನ ಕಂಪನಿಯವರಿಗಿ ಕೇಳ್ರಿ" ಎಂದು ನಕ್ಕ. ಸೈಮಾ ನಗಲಿಲ್ಲ.

ಆ ದೀಪಾವಳಿಗೆ ಬೆಳಗಾವಿಯ ವ್ಯಾಪಾರಿ ಕಳಿಸಿದ ಡಬ್ಬಿಗಳು ಹೊರಗಿಂದ ಮೊದಲಿನಂತೆಯೇ ಇದ್ದವು. ಒಳಗೆ ಡಿಸ್ಕ್ ಇಲ್ಲ. ಒಂದು ಚೀಟಿ, ಚೀಟಿಯ ಮೇಲೆ ಬೆಳ್ಳಿ ಬಣ್ಣದ ಪಟ್ಟಿ, ಪಟ್ಟಿಯ ಕೆಳಗೆ ನಂಬರು. ಆ ನಂಬರು ಒತ್ತಿದರೆ ಆಟ ಇಳಿಯುತ್ತದೆ, ಅದೂ ಒಬ್ಬನಿಗೆ ಒಂದೇ ಸಲ. ಈ ಮಾಲನ್ನು ಸೈಮಾ ಮೊದಲು ಕಂಡವಳಲ್ಲ. ಗೀರು ನೋಡುವ ರೂಢಿಯವಳು, ಒಂದೊಂದನ್ನೂ ಕೆರೆದು ಅಂಕಿ ಸರಿ ಇವೆಯೇ ಎಂದು ನೋಡಿದಳು. ನೋಡಿ, ಎಂದಿನಂತೆ ಬಾಯಿ ತೆರೆದು ಹಗ್ಗಕ್ಕೆ ತೂಗು ಹಾಕಿದಳು. ಹಬ್ಬದ ಗದ್ದಲದಲ್ಲಿ ಯಾರೋ ಬಂದು ಮೊಬೈಲಿನಲ್ಲಿ ಎಲ್ಲದರ ಫೋಟೊ ಹೊಡೆದುಕೊಂಡು ಹೋದರು.

ಡಬ್ಬಿ ಕೊಂಡವರು ಒಬ್ಬೊಬ್ಬರಾಗಿ ತಿರುಗಿ ಬಂದರು. ನಂಬರು ಆಗಲೇ ಬೇರೆಯವರ ಪಾಲಾಗಿದೆ ಎಂದರು. ಮೊದಲು ಬಂದವನು ಮಹೇಶನೇ.

ನನ್ನ ಮಗ ಶಿವಕುಮಾರನೂ ಅಲ್ಲಿದ್ದ. ಪಾರ್ಸೆಲ್ ಕಂಪನಿಯೊಂದು ಆ ಖೋಲಿಯನ್ನು ಕೇಳಿತ್ತು. ಕೊಟ್ಟುಬಿಡೋಣ ಎಂದು ಅವನು ನನ್ನ ಬೆನ್ನು ಹತ್ತಿದ್ದ. ಅವಳ ಕಿವಿಯಲ್ಲಿ ಅಂದ: "ನೀವ ಮನ್ಯಾಗ ನಂಬರ ಯಾರಿಗೋ ತೋರಿಸೀರಿ ಅಂತ ಹೇಳಿಬಿಡು. ಅವರಿಗೇನ ಗೊತ್ತಾಗತೈತಿ?"

ಸೈಮಾ ಕಟ್ಟೆಯ ಕಡೆ ತಿರುಗಿದಳು. ಅಲ್ಲಿ ನನ್ನ ಬಾಜೂ ಮದಿನಾಬಿ ಕೂತಿದ್ದಳು.

"ಅಮ್ಮಾ, ತೊಡಸೂ ಮುಂದ ಒಡದ ಬಳಿ ಯಾರ ಲೆಕ್ಕ?"

"ತೊಡಸಾಕಿ ಲೆಕ್ಕ. ಕೈ ಕೊಟ್ಟಾಕಿಗೇನ ಸಂಬಂಧ?"

ಬಳೆಗಾರರ ಕಟ್ಟಳೆ ಅದು. ಏರಿಸುವಾಗ ಚಟ್ ಅಂದ ಬಳೆಗೆ ಯಾವ ಹೆಣ್ಣುಮಗಳೂ ದುಡ್ಡು ಕೊಟ್ಟದ್ದಿಲ್ಲ, ಯಾವ ಬಳೆಗಾರತಿಯೂ ಕೇಳಿದ್ದಿಲ್ಲ. ಸೈಮಾ ಬಂದವರಿಗೆ ಅಂದೇ ತೀರಿಸಿದಳು. ಬಾರದವರ ಮನೆ ಕೇಳಿಕೊಂಡು ಹುಕ್ಕೇರಿಗೆ, ಕಲ್ಲೋಳಿಗೆ ತಾನೇ ಹೋದಳು. ಡಬ್ಬಿಗೆ ಬಾಯಿ ಇದ್ದವರಿಗೆ ಡಿಸ್ಕ್, ಉಳಿದವರಿಗೆ ಹಣ. ಎಷ್ಟು ಹೋಯಿತೆಂದು ನಾನು ಕೇಳಲಿಲ್ಲ. ಹಗ್ಗ ಮಾತ್ರ ಬರಿದಾಗಿ ಜೋತಾಡುತ್ತಿತ್ತು.

ಬೆಳಗಾವಿಯವನು ಇನ್ನು ಡಿಸ್ಕ್ ಬರುವುದು ಕಷ್ಟ ಎಂದ. ಅವಳ ಗಂಡ ಅಫ್ಜಲ, ಆಟೊ ಹೊಡೆಯುವವನು, ಸಾಕು ಬಿಡು ಎಂದ. ಸೈಮಾ ನನ್ನ ಹತ್ತಿರ ಬಂದಳು.

"ಆಯಿ, ಯುಗಾದಿ ತನಕಾ ತಡೀರಿ. ಅಷ್ಟರಾಗ ಅಂಗಡಿ ನಡೀಲಿಲ್ಲಂದ್ರ ನಾನ ಕೀಲಿ ತಂದು ನಿಮ್ಮ ಕೈಯಾಗ ಕೊಡತೇನಿ."

ಖೋಲಿ ನನ್ನ ಹೆಸರಿನಲ್ಲಿದೆ. ಶಿವಕುಮಾರನಿಗೆ ಯುಗಾದಿ ತನಕ ಬಾಯಿ ಮುಚ್ಚು ಅಂದೆ.

ಆ ಚಳಿಗಾಲವೆಲ್ಲ ಆಕೆ ಮಾರಲು ಹೋಗಲಿಲ್ಲ, ಕೂಡಿಸಲು ಹೋದಳು. ಬಾಯಿಲ್ಲದ ಡಬ್ಬಿ ತಂದವರ ಮನೆಗಳಲ್ಲಿ ಹಳೆಯ ಡಿಸ್ಕುಗಳು ಅಟ್ಟ ಸೇರಿದ್ದವು. ಮಹೇಶ ತನ್ನವನ್ನೆಲ್ಲ ಗೊಬ್ಬರದ ಚೀಲದಲ್ಲಿ ತುಂಬಿ ತಂದು ಸುರಿದ. "ಬ್ಯಾರೇದವರಿಗಿ ಕೊಡಾಕ ಮನಸ್ಸಾಗಲಿಲ್ಲಕ್ಕಾ" ಅಂದ. ದೀಪಾವಳಿಯಲ್ಲಿ ದುಡ್ಡು ತಿರುಗಿ ಪಡೆದವರು ಹೆಚ್ಚುಕಡಿಮೆ ಎಲ್ಲರೂ ತಂದರು. ಅವಳು ಮೆತ್ತನೆಯ ಅರಿವೆಯಿಂದ ಒಂದೊಂದನ್ನೂ ಉಜ್ಜಿ, ಆಡಿಸಿ ನೋಡಿ, ನಡೆಯುವವನ್ನು ಮಾತ್ರ ಇಟ್ಟುಕೊಂಡಳು. ಹಿಡಕಲ್ ಕಡೆ, ಒಳಗಿನ ಹಳ್ಳಿಗಳ ಕಡೆ ನೆಟ್ ಸರಿ ಇಲ್ಲ. ಅಲ್ಲಿ ಆಟ ಇಳಿಸಲು ಹಚ್ಚಿ ಮಲಗಿದರೆ, ಎದ್ದಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿರುತ್ತದೆ. ಅವರಿಗೆ ಬಾಡಿಗೆಗೆ ಕೊಡತೊಡಗಿದಳು. ವಾರಕ್ಕೊಂದು ಆಟ, ಸಂತೆಗೆ ಬಂದಾಗ ಬದಲಿ.

ಯುಗಾದಿಯ ಪಾಡ್ಯಕ್ಕೆ ನಾನು ಬೇವು ಬೆಲ್ಲ ಹಿಡಿದು ಹೊರಗೆ ಬಂದೆ. ಹಗ್ಗ ಪೂರ್ತಿ ತುಂಬಿರಲಿಲ್ಲ, ಆದರೆ ಅಂಗಡಿ ನಡೆದಿತ್ತು. ಸೈಮಾ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡಳು. ಕೀಲಿಯ ಮಾತು ಆಕೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಾರ್ಸೆಲ್ ಕಂಪನಿ ಬಸ್‌ಸ್ಟ್ಯಾಂಡಿನ ಕಡೆ ಬೇರೆ ಜಾಗ ಹಿಡಿಯಿತು.

ಈಗ ಅವಳಿಗೆ ಹಳ್ಳಿಗಳ ತಿರುಗಾಟ ಹೆಚ್ಚಾಗಿದೆ. ಹೋದ ವಾರ ಸ್ಕೂಟಿ ಹೊರಗೆ ನಿಲ್ಲಿಸಿ ನನ್ನ ಮುಂದೆ ಕೂತಳು.

"ಆಯಿ, ನಾ ಹೋದ ದಿನಾ ಅಂಗಡ್ಯಾಗ ನೀವು ಕುಂದರತೀರೇನ್ರಿ?"

"ನನಗ ಆಟದ ಹೆಸರು ಓದಾಕ ಬರೂದಿಲ್ಲವ್ವ."

"ಚಿತ್ರ ನೋಡಿ ಕೊಡ್ರಿ. ಗೊತ್ತಾಗದಿದ್ರ ನಾಳೆ ಬರ್ರಿ ಅನ್ರಿ. ಏನೂ ಮಾರದಿದ್ರೂ ನಡೀತೈತಿ. ಬಾಗಲಾ ಹಾಕಿದ್ದು ಒಂದು ದಿನಾ ನೋಡಿದ್ರ ಮಂದಿ, ಡಿಸ್ಕಿನ ಅಂಗಡಿ ಮುಗೀತು ಅಂತಾರ. ಬಾಗಲಾ ಮಾತ್ರ ಹಾಕಬ್ಯಾಡ್ರಿ."