ಅಪ್ಪ ತಿದ್ದಿಕೊಂಡ ಉತ್ತರ

ಚಿಕಿತ್ಸೆಗೆಂದು ವಿಜಯವಾಡಕ್ಕೆ ಬಂದ ಅವ್ವ ಮೂರು ತಿಂಗಳು ನನ್ನ ಬಾಡಿಗೆ ಮನೆಯಲ್ಲಿದ್ದು, ಅಲ್ಲೇ ತೀರಿಕೊಂಡಳು. ಅಪ್ಪ ಇದ್ದ ವಿಶಾಖಪಟ್ಟಣದ ಗಾಜುವಾಕಕ್ಕೆ ತಂದು ಮಣ್ಣು ಮಾಡಿದೆವು. ಅಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ. ನನ್ನನ್ನೂ ಅಳಗೊಡಲಿಲ್ಲ.

"ಅಳಬ್ಯಾಡಮ್ಮಾ. ಯೇಸು ಬರೋ ದಿನ ಆಕಿ ಎದ್ದು ಬರ್ತಾಳಂತ ನಂಬಿದವರು ನಾವು ಕದಾ?"

ಅಪ್ಪ ತೆಲುಗಿನವರು. ಅವರ ಕನ್ನಡವೆಲ್ಲ ಧಾರವಾಡದ ಅವ್ವ ಕಲಿಸಿದ್ದೇ.

ನಾನು ರಜೆ ಹಾಕಿ ಅವರ ಜೊತೆ ಉಳಿದೆ. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಿದ್ದರು, ಉಣ್ಣುತ್ತಿರಲಿಲ್ಲ. ಮೂರನೆಯ ಭಾನುವಾರ ಮಾತ್ರ ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಹೊರಟರು. ಕೆಲಸದಿಂದ ನಿವೃತ್ತರಾದ ಮೇಲೂ ಅಲ್ಲಿನ ಮಕ್ಕಳಿಗೆ ಬೈಬಲ್ ಪಾಠ ಹೇಳುವುದನ್ನು ಅವರು ಬಿಟ್ಟಿರಲಿಲ್ಲ. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಅಂದಿನ ಪಾಠ, ಯೇಸು ತೀರಿಕೊಂಡ ಗೆಳೆಯನ ಸಮಾಧಿಯ ಬಳಿ ಅತ್ತದ್ದು, ಆಮೇಲೆ ಅವನನ್ನು ಬದುಕಿಸಿದ್ದು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ತೆಲುಗಿನಲ್ಲಿ ಕೇಳಿದಳು:

"ತಾತಾ, ಎಬ್ಬಿಸೋಕೇ ಬಂದಿದ್ದನಲ್ಲ, ಮತ್ತೆ ಯಾಕೆ ಅತ್ತ?"

ಇದಕ್ಕೆ ಅಪ್ಪನ ಬಳಿ ಸಿದ್ಧ ಉತ್ತರವಿತ್ತು. ಚಿಕ್ಕಂದಿನಲ್ಲಿ ನನಗೂ ಅದನ್ನೇ ಹೇಳಿದ್ದರು: ಅತ್ತಿದ್ದು ಮನುಷ್ಯ, ಎಬ್ಬಿಸಿದ್ದು ದೇವರು.

"ಅತ್ತಿದ್ದು ಮನುಷ್ಯ..." ಎಂದು ಶುರುಮಾಡಿ ನಿಲ್ಲಿಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲಮ್ಮಾ. ಇಷ್ಟು ವರ್ಷ ನಾನು ಅವನನ್ನ ಎರಡು ಹೋಳು ಮಾಡಿ ಹೇಳ್ತಿದ್ದೆ. ಅವನು ಪೂರ್ತಿ ದೇವರು, ಪೂರ್ತಿ ಮನುಷ್ಯ. ಹಾಗಂತ ಇಬ್ಬರಲ್ಲ, ಒಬ್ಬನೇ. ಎಬ್ಬಿಸೋ ಶಕ್ತಿ ಇದ್ದವನೇ ಅತ್ತ."

"ಅಂದ್ರೆ ದೇವರೇ ಅತ್ತನಾ?"

"ಹೌದು. ನಮ್ಮ ಜೊತೆ ಅಳೋಕೆ ನಮ್ಮಂಥದ್ದೇ ಕಣ್ಣು ಪಡೆದು ಬಂದ."

ಅಷ್ಟು ಹೇಳಿ ಅಪ್ಪ ಮಕ್ಕಳೆದುರೇ ಬಿಕ್ಕಿ ಬಿಕ್ಕಿ ಅತ್ತರು. ಹುಡುಗಿ ಹೆದರಲಿಲ್ಲ, ಪಕ್ಕದಲ್ಲಿ ಬಂದು ನಿಂತು ಅವರ ತೋಳು ಹಿಡಿದುಕೊಂಡಳು.

ಮನೆಗೆ ಬಂದ ಮೇಲೆ ಅಪ್ಪ, ಅಲ್ಲಿಯವರೆಗೆ ಕೇಳದೇ ಇದ್ದುದನ್ನು ಕೇಳಿದರು.

"ಆಕಿ ಕೊನೀಗೆ ಏನಂದ್ಲು?"

ಅವ್ವನ ಜೀವ ಹೋದಾಗ ಅಪ್ಪ ವಿಶಾಖಪಟ್ಟಣದಿಂದ ಬರುವ ರೈಲಿನಲ್ಲಿದ್ದರು.

"ರೈಲು ಎಲ್ಲಿಗೆ ಬಂತು ಅಂತ ಎರಡ ಸಲ ಕೇಳಿದ್ಲು. ರಾಜಮಂಡ್ರಿ ದಾಟೇತಿ ಅಂದೆ. ‘ಪಾಪ, ಹಸ್ಗೊಂಡ ಬರಾಕತ್ತಾರ’ ಅಂದ್ಲು."

ಅಪ್ಪ ಗೋಡೆಗೆ ಒರಗಿ ಕೂತರು. ನಾನು ಅವರ ಹೆಗಲಿಗೆ ತಲೆಯಿಟ್ಟೆ. ಈ ಸಲ ಯಾರೂ ಯಾರನ್ನೂ ಸುಮ್ಮನಿರಿಸಲಿಲ್ಲ.