ಎದುರಿನ ಬಸ್ಸಿನವರು ಲೈಟ್ ಹಾಕಿದಾಗ

ಹಾಲಾಡಿಗೆ ಹೋಗುವಾಗ ಎದುರಿನ ಬಸ್ಸಿನವರು ಎರಡು ಸಲ ಲೈಟ್ ಹಾಕಿದರು. ಮುಂದೆ ಸ್ಪೀಡ್ ಕ್ಯಾಮೆರಾ ಇರಬೇಕು ಎಂದುಕೊಂಡೆ. ಆದರೆ ಹಿಂದಿನ ದಿನವಷ್ಟೇ ದುಡ್ಡು ಕೊಟ್ಟು ಅಪ್‌ಡೇಟ್ ಮಾಡಿಸಿದ್ದ ಕಾರಿನ ಮ್ಯಾಪ್, ಕ್ಯಾಮೆರಾ ಇದ್ದಲ್ಲಿ ಸದ್ದು ಮಾಡಬೇಕಾದದ್ದು, ಸುಮ್ಮನಿತ್ತು. ನಾನು ವೇಗ ಇಳಿಸಲಿಲ್ಲ.

ತಿರುವು ದಾಟಿದರೆ, ಮೀನು ಮಾರುವ ಹೆಂಗಸೊಬ್ಬರು ಟೆಂಪೋದಿಂದ ಬಿದ್ದ ಬಂಗುಡೆಗಳನ್ನು ರಸ್ತೆ ನಡುವೆ ಬಗ್ಗಿ ಹೆಕ್ಕುತ್ತಿದ್ದರು. ಬ್ರೇಕ್ ಒತ್ತಿದೆ. ಕಾರು ಅವರಿಂದ ಒಂದು ಮೊಳ ದೂರದಲ್ಲಿ ನಿಂತಿತು.

"ಹ್ವಾಯ್, ಬಸ್ಸಿನರ್ ಲೈಟ್ ಹಾಕದ್ ಕಾಣ್ಲಿಲ್ಯಾ?"

"ಕಂಡಿತ್ ಅಕ್ಕ. ಕ್ಯಾಮೆರಾ ಇತ್ತ್ ಅಂದ್ಕಂಡೆ. ಮ್ಯಾಪಲ್ಲಿ ಇರ್ಲಿಲ್ಲ."

"ಕ್ಯಾಮೆರಾ ಇದ್ರೆ ಮಾತ್ರ ನಿಧಾನ ಹೋಪ್ದಾ?"

ಕಾರಿನಿಂದ ಇಳಿದು ನಾನೂ ಮೀನು ಹೆಕ್ಕಿದೆ.

ಅಪ್‌ಡೇಟ್ ವ್ಯರ್ಥ ಎನ್ನುವುದಿಲ್ಲ, ಮುಂದಿನ ವರ್ಷವೂ ಮಾಡಿಸುತ್ತೇನೆ. ಆದರೆ ಎದುರಿನವರು ಲೈಟ್ ಹಾಕಿದರೆ ಈಗ ಮ್ಯಾಪ್ ನೋಡುವುದಿಲ್ಲ, ಬ್ರೇಕ್ ಮೇಲೆ ಕಾಲಿಡುತ್ತೇನೆ.