ಎಮ್ಮೆಯ ಕೆಚ್ಚಲಿನಿಂದ ಕೈಗೆ

ಪಟ್ಟಂದೂರು ಅಗ್ರಹಾರದ ಬೈರಮ್ಮ ಹಾಲು ಕರೆಯಲು ಕೂತರೆ ಎಮ್ಮೆಗಳು ಅಲುಗಾಡದೆ ನಿಲ್ಲುತ್ತಿದ್ದವು. ಎಪ್ಪತ್ತೆಂಟನೇ ಇಸವಿಯ ಆಷಾಢದಲ್ಲಿ ಒಂದು ಬೆಳಗ್ಗೆ ಹಿರಿ ಎಮ್ಮೆ ಝಾಡಿಸಿ ಒದೆಯಿತು. ನೋಡಿದರೆ ಮೊಲೆಗಳ ಮೇಲೆಲ್ಲ ಗುಳ್ಳೆ. ದನದ ಡಾಕ್ಟರು ನರಸಿಂಹಯ್ಯನವರು ಬಂದು ಮುಲಾಮು ಕೊಟ್ಟು ಹೋದರು. ವಾರದೊಳಗೆ ಬೈರಮ್ಮನ ಬೆರಳುಗಳಲ್ಲೂ ಅಂಥವೇ ಗುಳ್ಳೆ ಎದ್ದು ಕೀವು ತುಂಬಿತು. ಮೈ ಕೆಂಡದಂತೆ ಸುಡುತ್ತಿತ್ತು.

"ಕೈನ ಜನಗಳ ಆಸ್ಪತ್ರೇಲಿ ತೋರ್ಸಮ್ಮ, ನನ್ನ ಕೆಲ್ಸ ದನದ್ದು" ಎಂದರು ನರಸಿಂಹಯ್ಯ.

ಆಸ್ಪತ್ರೆಯ ಡಾಕ್ಟರಮ್ಮ ಕೈ ನೋಡಿದವರೇ ಕುರ್ಚಿ ಹಿಂದಕ್ಕೆ ಸರಿಸಿದರು. ಸಿಡುಬು ದೇಶದಿಂದ ತೊಲಗಿತೆಂದು ಸರ್ಕಾರ ಸಾರಿ ಹೆಚ್ಚು ಕಾಲವಾಗಿರಲಿಲ್ಲ.

"ನಮ್ಮ ಎಮ್ಮೇಗೂ..." ಎಂದು ಬೈರಮ್ಮ ಬಾಯಿ ತೆರೆದಳು.

"ಎಮ್ಮೆ ವಿಷ್ಯ ಆಮೇಲೆ. ಪರೀಕ್ಷೆ ಆಗೋವರ್ಗೂ ಮನೆ ಬಿಟ್ಟು ಹೊರಗೆ ಬರ್ಬೇಡ."

ಬೈರಮ್ಮನಿಗೆ ಸಿಡುಬೆಂದು ಸುದ್ದಿ ಹಬ್ಬಿಸಲು ಊರಿಗೆ ಅಷ್ಟು ಸಾಕಾಯಿತು. ಅವಳು ದಿನಾ ಹಾಲು ಹಾಕುತ್ತಿದ್ದ ವೈಟ್‌ಫೀಲ್ಡಿನ ಮನೆಗಳು ಹಾಲು ಬೇಡವೆಂದವು. ಯಾರೋ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಬೈರಮ್ಮ ಕಿತ್ತು ತಿಪ್ಪೆಗೆಸೆದಳು. ಕೀವುಗೈಯಲ್ಲಿ ಅವಳಿಗೆ ಕರೆಯಲಾಗದೆ, ಕೆಚ್ಚಲು ಬಿಗಿದು ಎಮ್ಮೆಗಳು ಅರಚುವುದನ್ನು ಕೇಳಲಾರದೆ ವಾರಗಿತ್ತಿ ವಸಂತಮ್ಮ ತಂಬಿಗೆ ಹಿಡಿದು ಬಂದಳು. ಹಿರಿ ಎಮ್ಮೆಯನ್ನು ಕರೆದ ಕೈಯಲ್ಲೇ ಉಳಿದವನ್ನೂ ಕರೆದಳು. ಕೆಲವೇ ದಿನಕ್ಕೆ ಅವುಗಳಿಗೂ ಗುಳ್ಳೆ, ವಸಂತಮ್ಮನ ಕೈಗೂ ಗುಳ್ಳೆ.

ಸಿಡುಬಲ್ಲವೆಂದು ತಿಳಿಸಲು ಡಾಕ್ಟರಮ್ಮ ಮನೆಗೇ ಬಂದರು. ಬೈರಮ್ಮ ಅವರನ್ನು ಕೊಟ್ಟಿಗೆಗೆ ಕರೆದೊಯ್ದು ಕೆಚ್ಚಲು ತೋರಿಸಿದಳು. ಡಾಕ್ಟರಮ್ಮ ಬಗ್ಗಿ ನೋಡಿದರು.

"ಇದು ಎಮ್ಮೆಗೆ ಬರೋ ಸಿಡುಬು ಕಣಮ್ಮ, ಇದರ ವೈರಸ್ಸೇ ಬೇರೆ. ಕೈಯಲ್ಲಿ ಗಾಯ, ಬಿರುಕು ಇದ್ರೆ ಹಾಲು ಕರೆಯೋವಾಗ ಒಳಗೆ ಸೇರ್ಕೊಳ್ಳತ್ತೆ. ಸೋಪು ಹಾಕಿ ಕೈ ತೊಳೀಬೇಕು, ಕಾಯಿಲೆ ಎಮ್ಮೇನ ಕೊನೇಲಿ ಕರೀಬೇಕು. ತಾನಾಗೇ ವಾಸಿಯಾಗತ್ತೆ."

"ಇಷ್ಟೇ ಮಾತಾ?" ಬೈರಮ್ಮ ಪಕ್ಕದಲ್ಲಿದ್ದ ವಸಂತಮ್ಮನ ಕೈ ಎತ್ತಿ ತೋರಿಸಿದಳು. "ಅವತ್ತೇ ಏಳಿದ್ರೆ ಇವ್ಳ ಕೈಯಾದ್ರೂ ಉಳೀತಿತ್ತಲ್ರವ್ವಾ! ದನದ ಡಾಕ್ಟ್ರು ಕೈ ನೋಡಾಕಿಲ್ಲ, ನೀವು ದನ ನೋಡಾಕಿಲ್ಲ. ನಡುವೆ ನಾವು ಸಾಯಾದಾ?"



ಗುಳ್ಳೆಗಳು ಒಣಗಿ ಕಲೆ ಉಳಿದವು. ವೈಟ್‌ಫೀಲ್ಡಿನ ಮನೆಗಳು ಅಷ್ಟರಲ್ಲಿ ಬೇರೆಯವರ ಹಾಲಿಗೆ ಒಗ್ಗಿಕೊಂಡಿದ್ದವು. "ಸಿಡುಬಲ್ಲ ಕಣ್ರವ್ವಾ" ಎಂದು ಬೈರಮ್ಮ ಒಂದೊಂದು ಗೇಟಿನ ಮುಂದೆಯೂ ನಿಂತು ಹೇಳಿದಳು. "ಆಯ್ತು, ನೋಡೋಣ" ಎಂದು ಬಾಗಿಲು ಹಾಕಿಕೊಂಡರು. ವಸಂತಮ್ಮ ಬೈರಮ್ಮನ ಜೊತೆ ಮಾತೇ ಬಿಟ್ಟಳು. ಎಷ್ಟು ಕೂಗಿದರೂ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ. ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಬೈರಮ್ಮ, ಮಾರಾಟವಾಗದ ಹಾಲಿಗೆ ಹೆಪ್ಪು ಹಾಕಿ, ಬೆಳಗಾದರೆ ರಪರಪ ಮಜ್ಜಿಗೆ ಕಡೆಯುತ್ತ ಕೂರುತ್ತಿದ್ದಳು.